ಪಿಜ್ಜಾ ಮಾರಿ ಐಸ್ ಹಾಕಿ ತಂಡ ಕೊಂಡ ಮೈಕ್ ಇಲಿಚ್: ಡೆಟ್ರಾಯ್ಟ್‌ಗೆ ಕೊಟ್ಟದ್ದೆಷ್ಟು, ಪಡೆದದ್ದೆಷ್ಟು?

ನೋವೈ_ಕನ್ನಡಿಗ

ಸ್ವಲ್ಪ ಉದ್ದದ ಬರಹ. ಪುರುಸೊತ್ತಿದ್ದಾಗ ಓದಿ.

ನಾನು ಮಿಶಿಗನ್‌ಗೆ ಬಂದದ್ದು 1996ರ ಡಿಸೆಂಬರ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಗೆ. ಅಲ್ಲಿಯವರೆಗೆ ಹಾಕಿ ಎಂದರೆ ನನಗೆ ಧ್ಯಾನ್ ಚಂದ್, ಧನರಾಜ್ ಪಿಳ್ಳೈ, ಹಸಿರು ಮೈದಾನ. ಇಲ್ಲಿ ನೋಡಿದರೆ ಮಂಜುಗಡ್ಡೆಯ ಮೇಲೆ, ಕಾಲಿಗೆ ಸ್ಕೇಟು ಕಟ್ಟಿಕೊಂಡು, ಗೋಡೆಗೆ ಒಬ್ಬರನ್ನೊಬ್ಬರು ಅಪ್ಪಳಿಸುತ್ತಾ ಆಡುವ ಆಟ. ಆರು ತಿಂಗಳು ತುಂಬುವಷ್ಟರಲ್ಲಿ, 1997ರ ಜೂನ್ 7ರಂದು, ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡ ಈ ಐಸ್ ಹಾಕಿಯ ಅತಿದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. 42 ವರ್ಷಗಳ ಬಳಿಕ. ಮೂರು ದಿನ ಬಿಟ್ಟು ವುಡ್‌ವರ್ಡ್ ಅವೆನ್ಯೂದಲ್ಲಿ ಮೆರವಣಿಗೆ. ನಾನು ಮೈಸೂರಿನವನು, ಜಂಬೂಸವಾರಿಯ ಜನಸಾಗರ ಕಂಡು ಬೆಳೆದವನು. ಅಷ್ಟು ಜನರನ್ನು ಅಮೆರಿಕದಲ್ಲಿ ನೋಡುತ್ತೇನೆಂದು ಎಣಿಸಿರಲಿಲ್ಲ. ಅವತ್ತು ತೆರೆದ ಕಾರಿನಲ್ಲಿ ಆಟಗಾರರ ಜೊತೆ ಹೋಗುತ್ತಿದ್ದ ಹಿರಿಯರೊಬ್ಬರನ್ನು ತೋರಿಸಿ ನನ್ನ ಸಹೋದ್ಯೋಗಿ ಹೇಳಿದ: ‘ಅವರೇ ಮೈಕ್ ಇಲಿಚ್, ಮಾಲೀಕರು. ಪಿಜ್ಜಾ ಅಂಗಡಿ ಇಟ್ಟವರು.’

ಮೊನ್ನೆ ನಮ್ಮ ಊರಿನ ಕನ್ನಡದವರ ಊಟದಲ್ಲಿ ಇದೇ ಮಾತು ಬಂತು. ಒಬ್ಬರು ಇಲಿಚ್ ಡೆಟ್ರಾಯ್ಟನ್ನು ಉಳಿಸಿದರು ಅಂದರು, ಇನ್ನೊಬ್ಬರು ಡೆಟ್ರಾಯ್ಟನ್ನು ಸುಲಿದರು ಅಂದರು. ನನ್ನ ಅಭಿಪ್ರಾಯ ಮೊದಲನೆಯವರ ಕಡೆಗೇ. ಕಾರಣ ಹೇಳುತ್ತೇನೆ.

ಇಲಿಚ್ ಹುಟ್ಟಿದ್ದು 1929ರಲ್ಲಿ, ಡೆಟ್ರಾಯ್ಟ್‌ನಲ್ಲೇ. ಅಪ್ಪ ಅಮ್ಮ ಮ್ಯಾಸಿಡೋನಿಯಾದಿಂದ ವಲಸೆ ಬಂದವರು. ಅಪ್ಪ ಕ್ರೈಸ್ಲರ್ ಕಾರ್ಖಾನೆಯಲ್ಲಿ ಟೂಲ್ ಅಂಡ್ ಡೈ ಕೆಲಸಗಾರ. ಮಗನಿಗೆ ಬೇಸ್‌ಬಾಲ್ ಹುಚ್ಚು. ನಾಲ್ಕು ವರ್ಷ ಮರೀನ್ ಪಡೆಯಲ್ಲಿದ್ದು ಬಂದ ಮೇಲೆ ಡೆಟ್ರಾಯ್ಟ್ ಟೈಗರ್ಸ್ ತಂಡ 3,000 ಡಾಲರ್ ಕೊಟ್ಟು ಸೇರಿಸಿಕೊಂಡಿತು. ಆದರೆ ಕೆಳಗಿನ ಲೀಗುಗಳಲ್ಲೇ ಮೊಣಕಾಲು ಕೈಕೊಟ್ಟಿತು, ಮೇಲಿನ ತಂಡಕ್ಕೆ ಏರಲಾಗಲಿಲ್ಲ. ಮನೆಮನೆಗೆ ಹೋಗಿ ಸಾಮಾನು ಮಾರಿ, ದುಡ್ಡು ಕೂಡಿಟ್ಟು, 1959ರ ಮೇ 8ರಂದು ಹೆಂಡತಿ ಮರಿಯನ್ ಜೊತೆ ಗಾರ್ಡನ್ ಸಿಟಿಯಲ್ಲಿ ಪಿಜ್ಜಾ ಅಂಗಡಿ ತೆರೆದರು. ಅದೇ ಲಿಟಲ್ ಸೀಸರ್ಸ್. ಒಂದರ ಬೆಲೆಗೆ ಎರಡು ಪಿಜ್ಜಾ ಅನ್ನುವ ಉಪಾಯ, ‘ಪಿಜ್ಜಾ! ಪಿಜ್ಜಾ!’ ಅನ್ನುವ ಕೂಗು ಅವರದ್ದು.

1982ರಲ್ಲಿ ನಾರಿಸ್ ಕುಟುಂಬದ ಕೈಯಿಂದ ರೆಡ್ ವಿಂಗ್ಸ್ ಕೊಂಡರು. ಬೆಲೆ 80 ಲಕ್ಷ ಡಾಲರ್. ಆಗ ಊರಿನವರು ಆ ತಂಡವನ್ನು ‘ಡೆಡ್ ವಿಂಗ್ಸ್’ ಎಂದು ಕರೆಯುತ್ತಿದ್ದರು. ಹಿಂದಿನ 16 ಋತುಗಳಲ್ಲಿ 14 ಸಲ ಪ್ಲೇಆಫ್‌ಗೇ ಹೋಗಿರಲಿಲ್ಲ. ಖಾಲಿ ಕುರ್ಚಿಗಳನ್ನು ತುಂಬಿಸಲು ಇಲಿಚ್ ಪ್ರತಿ ಪಂದ್ಯಕ್ಕೂ ಒಂದು ಕಾರು ಬಹುಮಾನ ಇಟ್ಟರು. ಅದು ಅಮೆರಿಕದಲ್ಲೇ ತಯಾರಾದ ಕಾರು, ಅದೂ ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದ ಊರಿನಲ್ಲಿ. ಅಪ್ಪ ಕ್ರೈಸ್ಲರ್‌ನಲ್ಲಿ ದುಡಿದವನಿಗೆ ಮಾತ್ರ ಹೊಳೆಯುವ ವಿಚಾರ ಅದು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

1997, 1998, 2002, 2008: ಅವರ ಕಾಲದಲ್ಲಿ ನಾಲ್ಕು ಕಪ್. ಸತತ 25 ಋತು ಪ್ಲೇಆಫ್. ಎಲ್ಲರೂ ಊರು ಬಿಟ್ಟು ಹೊರವಲಯಕ್ಕೆ ಓಡುತ್ತಿದ್ದಾಗ ತಮ್ಮ ಕಂಪನಿಯ ಮುಖ್ಯ ಕಚೇರಿಯನ್ನು ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಡೆಟ್ರಾಯ್ಟ್ ಪೇಟೆಯ ಮಧ್ಯಕ್ಕೆ ತಂದರು. ಇದೇ ನನ್ನ ಮುಖ್ಯ ಮಾತು. ಕಪ್‌ಗಳಿಗಿಂತ ಅದು ದೊಡ್ಡದು.

ಬಸವನಗುಡಿ_ಹುಡುಗ

ಸರ್, ಚೆನ್ನಾಗಿದೆ. ನನಗೆ ಡೊಮಿನೋಸ್ ಗೊತ್ತು, ಲಿಟಲ್ ಸೀಸರ್ಸ್ ಹೆಸರು ಕೇಳಿದ್ದು ಈಗಲೇ. ಎರಡು ಪ್ರಶ್ನೆ. ಒಂದು, ಅಲ್ಲಿ ತಂಡ ಕೊಳ್ಳುವುದು ಎಂದರೆ ಏನನ್ನು ಕೊಳ್ಳುವುದು? ಕ್ರೀಡಾಂಗಣವನ್ನೋ, ಆಟಗಾರರನ್ನೋ? ಎರಡು, ಸೋಲುವ ತಂಡಕ್ಕೆ ಅಷ್ಟು ದುಡ್ಡು ಯಾಕೆ?

ನೋವೈ_ಕನ್ನಡಿಗ

ಕೊಳ್ಳುವುದು ಲೀಗಿನಲ್ಲಿ (ಇಲ್ಲಿ ಎನ್‌ಎಚ್‌ಎಲ್, ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗು) ಒಂದು ಸ್ಥಾನವನ್ನು, ಅಂದರೆ ಆ ಊರಿನ ಹಕ್ಕನ್ನು. 1982ರಲ್ಲಿ ಎನ್‌ಎಚ್‌ಎಲ್‌ನಲ್ಲಿದ್ದದ್ದು 21 ತಂಡ. ಎಷ್ಟೇ ಸೋತರೂ ಕೆಳಗಿನ ಲೀಗಿಗೆ ತಳ್ಳುವ ಪದ್ಧತಿ ಇಲ್ಲಿಲ್ಲ. ಸೋತವರಿಗೆ ಮುಂದಿನ ವರ್ಷ ಎಳೆಯ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ, ಅದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಆಟಗಾರರ ಒಪ್ಪಂದಗಳು ತಂಡದ ಜೊತೆಗೇ ಬರುತ್ತವೆ. ಕ್ರೀಡಾಂಗಣ ಬೇರೆ. ತಂಡ ಆಗ ಆಡುತ್ತಿದ್ದ ಜೋ ಲೂಯಿಸ್ ಅರೀನಾ ನಗರದ ಆಸ್ತಿಯಾಗಿತ್ತು, ಇವರು ಬಾಡಿಗೆದಾರರಾಗಿದ್ದರು.

ಡೊಮಿನೋಸ್ ಹೆಸರು ತೆಗೆದಿರಿ, ಅದಕ್ಕೂ ಇಲ್ಲಿ ನಂಟಿದೆ. ಡೊಮಿನೋಸ್ ಹುಟ್ಟಿದ್ದು 1960ರಲ್ಲಿ, ಇಲ್ಲೇ ಹತ್ತಿರದ ಇಪ್ಸಿಲ್ಯಾಂಟಿಯಲ್ಲಿ. ಅದರ ಟಾಮ್ ಮೊನಗನ್ 1983ರಲ್ಲಿ ಡೆಟ್ರಾಯ್ಟ್ ಟೈಗರ್ಸ್ ಬೇಸ್‌ಬಾಲ್ ತಂಡ ಕೊಂಡರು. 1992ರಲ್ಲಿ ಅದನ್ನು ಅವರಿಂದ ಕೊಂಡದ್ದು ಇಲಿಚ್. ಯಾವ ತಂಡಕ್ಕೆ ಆಡಲಾಗದೆ ಮೊಣಕಾಲು ಹಿಡಿದುಕೊಂಡು ವಾಪಸಾಗಿದ್ದರೋ ಅದೇ ತಂಡ.

ವಿಂಡ್ಸರ್_ವಾಸಿ

ನಾನು ನದಿಯ ಈಚೆ ದಡದವನು, ಕೆನಡಾದ ವಿಂಡ್ಸರ್‌ನಲ್ಲಿ 20 ವರ್ಷದಿಂದ ಇದ್ದೇನೆ. ಇಲ್ಲಿ ಟೊರಾಂಟೊ ತಂಡಕ್ಕಿಂತ ರೆಡ್ ವಿಂಗ್ಸ್ ಅಭಿಮಾನಿಗಳೇ ಹೆಚ್ಚು ಅಂದರೆ ಕನ್ನಡಿಗರು ಯಾರೂ ನಂಬುವುದಿಲ್ಲ.

ನೋವೈ ಅವರು ಒಂದು ವಿಷಯ ಬಿಟ್ಟರು. ಆರಂಭದ ವರ್ಷಗಳಲ್ಲಿ ಇಲಿಚ್ ದುಡ್ಡು ಸುರಿದದ್ದು ಬಹಳ, ಕಲಿತದ್ದು ನಿಧಾನ. 1985ರಲ್ಲಿ ಕಾಲೇಜು ತಂಡಗಳಿಂದ ಹುಡುಗರನ್ನು ದುಬಾರಿ ಬೆಲೆಗೆ ಕರೆತಂದರು. ಆ ಋತುವಿನಲ್ಲಿ 80 ಪಂದ್ಯಕ್ಕೆ 17 ಗೆಲುವು, 57 ಸೋಲು. ಇಡೀ ಲೀಗಿಗೇ ಕೊನೆ. ದುಡ್ಡು ಕೊಟ್ಟರೆ ಗೆಲುವು ಬರುತ್ತದೆ ಅನ್ನುವುದು ಅಲ್ಲಿಗೆ ಮುಗಿಯಿತು.

ನಿಜವಾಗಿ ತಂಡ ಕಟ್ಟಿದ್ದು ಆಗಿನ ಜನರಲ್ ಮ್ಯಾನೇಜರ್ ಜಿಮ್ ಡೆವೆಲ್ಲಾನೊ ಮತ್ತು ಆಟಗಾರರನ್ನು ಹುಡುಕುವ ಅವರ ಬಳಗ. 1983ರಲ್ಲಿ ಅವರ ಕಣ್ಣಿದ್ದದ್ದು ಸ್ಥಳೀಯ ಹುಡುಗ ಪ್ಯಾಟ್ ಲಾಫೊಂಟೇನ್ ಮೇಲೆ. ಮೂರನೆಯ ಸರದಿಯ ನ್ಯೂಯಾರ್ಕ್ ಐಲ್ಯಾಂಡರ್ಸ್ ಅವನನ್ನು ಎತ್ತಿಕೊಂಡರು. ನಾಲ್ಕನೆಯ ಸರದಿಯ ಡೆಟ್ರಾಯ್ಟ್‌ಗೆ ಸಿಕ್ಕಿದವನು 18ರ ಸ್ಟೀವ್ ಐಜರ್‌ಮನ್. ಮುಂದೆ ಕಪ್ ಎತ್ತಿದ ನಾಯಕ ಅವನೇ. 1989ರ ಡ್ರಾಫ್ಟ್ ಅಂತೂ ಹಾಕಿ ಲೋಕದ ದಂತಕಥೆ: 53ನೆಯ ಸರದಿಗೆ ಲಿಡ್‌ಸ್ಟ್ರಾಮ್, 74ಕ್ಕೆ ಫೆಡೊರೊವ್, 221ಕ್ಕೆ ಕಾನ್‌ಸ್ಟಾಂಟಿನೊವ್. ಇಲಿಚ್ ಅವರ ಗುಣ ಅಂದರೆ ಹಾಕಿ ಬಲ್ಲವರನ್ನು ಇಟ್ಟುಕೊಂಡು ಅವರ ಮಾತು ಕೇಳಿದ್ದು. ಎಷ್ಟು ಮಾಲೀಕರಿಗೆ ಅದು ಸಾಧ್ಯ?

ಧಾರವಾಡದಾಂವ

ನೋಡ್ರಿ, ನಾ ಹಾಕಿ ಬಗ್ಗೆ ಏನೂ ತಿಳಿಲಾರದಾಂವ. ಆದ್ರ 221ನೇ ಸರದಿ ಅಂದ್ರ ಯಾರಿಗೂ ಬ್ಯಾಡಾದ ಹುಡುಗ ಅಂತ ಅರ್ಥ ಏನ್ರಿ? ಹಂಗಿದ್ದ ಮ್ಯಾಲೆ ಅಂವಾ ದೊಡ್ಡ ಆಟಗಾರ ಹೆಂಗಾದ?

ವಿಂಡ್ಸರ್_ವಾಸಿ

ಬೇಡವಾದವನಲ್ಲ, ಸಿಗದವನು. ಆಗ ಸೋವಿಯತ್ ಒಕ್ಕೂಟ ಇನ್ನೂ ಇತ್ತು. ಫೆಡೊರೊವ್, ಕಾನ್‌ಸ್ಟಾಂಟಿನೊವ್ ಇಬ್ಬರೂ ಮಾಸ್ಕೋದ ಸೇನಾ ತಂಡದ ಆಟಗಾರರು. ಕರೆದು ತರಲಾಗದವನ ಮೇಲೆ ಸರದಿ ಯಾಕೆ ಹಾಳುಮಾಡುವುದು ಅಂತ ಉಳಿದ ತಂಡಗಳು ಬಿಟ್ಟವು. ಡೆಟ್ರಾಯ್ಟ್ ಬಿಡಲಿಲ್ಲ.

1990ರಲ್ಲಿ ಗುಡ್‌ವಿಲ್ ಕ್ರೀಡಾಕೂಟಕ್ಕೆ ಮೊದಲು ಸೋವಿಯತ್ ತಂಡ ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ಗೆ ಬಂದಿತ್ತು. ಇಲಿಚ್ ಅವರ ಅಳಿಯ ಜಿಮ್ ಲೈಟ್ಸ್ ತಂಡದ ಉಪಾಧ್ಯಕ್ಷ. ಅವರು ಹೋಟೆಲಿನಲ್ಲಿ ಕಾದಿದ್ದರು. 20 ವರ್ಷದ ಫೆಡೊರೊವ್ ಪಂದ್ಯ ಮುಗಿಸಿ ಬಂದು ಅವರ ಹಿಂದೆ ನಡೆದ. ನೇರ ಇಲಿಚ್ ಅವರ ಖಾಸಗಿ ವಿಮಾನ, ನೇರ ಡೆಟ್ರಾಯ್ಟ್. ಕಾನ್‌ಸ್ಟಾಂಟಿನೊವ್ ಕತೆ ಇನ್ನೂ ಕಷ್ಟದ್ದು. ಅವನು ಸೇನೆಯ ಕ್ಯಾಪ್ಟನ್, ಬಿಟ್ಟು ಬಂದರೆ ಓಡಿಹೋದ ಸೈನಿಕ ಅನ್ನಿಸಿಕೊಳ್ಳುತ್ತಿದ್ದ. ವೈದ್ಯರಿಗೆ ಲಂಚ ಕೊಟ್ಟು, ಅವನಿಗೆ ವಾಸಿಯಾಗದ ಕ್ಯಾನ್ಸರ್ ಇದೆ ಎಂದು ಬರೆಸಿ, ಸೇನೆಯಿಂದ ಬಿಡಿಸಿ, 1991ರಲ್ಲಿ ಕರೆತಂದರು.

ಮಡಿಕೇರಿ_ಮಂಜು

ಇದನ್ನು ಓದಿ ನನಗೆ ಹೆಮ್ಮೆ ಅನಿಸಲಿಲ್ಲ, ಕ್ಷಮಿಸಿ. ನಾನು ಹಾಕಿ ಆಡುವ ಮನೆತನದವಳು. ನಮ್ಮಲ್ಲಿ ಹಾಕಿ ಎಂದರೆ ಒಕ್ಕ, ಊರು, ಕುಟುಂಬ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದರಲ್ಲ, ಅಲ್ಲಿ ಒಂದೇ ಮನೆತನದ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದು, ಮಾಲೀಕ ಅನ್ನುವ ಪದವೇ ಇಲ್ಲ. 20 ವರ್ಷದ ಹುಡುಗನನ್ನು ರಾತ್ರೋರಾತ್ರಿ ವಿಮಾನ ಹತ್ತಿಸಿ, ಲಂಚ ಕೊಟ್ಟು ಸುಳ್ಳು ಕಾಯಿಲೆ ಬರೆಸಿ ತರುವುದನ್ನು ಸಾಹಸ ಅಂತ ಹೇಳಬೇಕೋ? ಹಿಂದೆ ಉಳಿದ ಅಪ್ಪ ಅಮ್ಮನ ಗತಿ?

ವಿಂಡ್ಸರ್_ವಾಸಿ

ನ್ಯಾಯವಾದ ಪ್ರಶ್ನೆ, ಅಕ್ಕ. ನನ್ನ ಮಟ್ಟಿಗೆ ಉತ್ತರ ಆ ಆಟಗಾರರಲ್ಲೇ ಇದೆ. ಡೆಟ್ರಾಯ್ಟ್‌ನ ಒಟ್ಟಿಗೆ ಆಡುತ್ತಿದ್ದ ರಷ್ಯನ್ ಐವರಲ್ಲಿ ಇಗೊರ್ ಲಾರಿಯೊನೊವ್ ಮತ್ತು ಸ್ಲಾವಾ ಫೆಟಿಸೊವ್ ಕದ್ದು ಬಂದವರಲ್ಲ. ಲಾರಿಯೊನೊವ್ 1988ರಲ್ಲೇ ಒಗೊನ್ಯೋಕ್ ಪತ್ರಿಕೆಯಲ್ಲಿ ತನ್ನ ತರಬೇತುದಾರ ಟಿಖೊನೊವ್ ಅವರಿಗೆ ಬಹಿರಂಗ ಪತ್ರ ಬರೆದಿದ್ದ. ವರ್ಷದ ಬಹುಪಾಲು ಆಟಗಾರರನ್ನು ಶಿಬಿರದಲ್ಲಿ ಕೂಡಿಹಾಕುತ್ತೀರಿ, ಹೆಂಡತಿ ಮಕ್ಕಳ ಮುಖ ನೋಡಲು ಬಿಡುವುದಿಲ್ಲ ಅನ್ನುವುದು ಅದರ ಸಾರ. ಅವರಿಬ್ಬರೂ ಒಳಗಿದ್ದೇ ಹೋರಾಡಿ 1989ರಲ್ಲಿ ಹೊರಬಂದರು. ಎಳೆಯರಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಇಲಿಚ್ ಬಾಗಿಲು ತೆರೆದರು ಅನ್ನುವುದನ್ನು ಒಪ್ಪುತ್ತೇನೆ. ಅವರಿಗೆ ಅದರಿಂದ ಲಾಭ ಇತ್ತು ಅನ್ನುವುದನ್ನೂ ಒಪ್ಪುತ್ತೇನೆ.

ಈ ಐವರೂ ಒಟ್ಟಿಗೆ ಮೊದಲು ಆಡಿದ್ದು 1995ರ ಅಕ್ಟೋಬರ್ 27ರಂದು, ಕ್ಯಾಲ್ಗರಿಯಲ್ಲಿ. ತರಬೇತುದಾರ ಸ್ಕಾಟಿ ಬೋಮನ್. ಪಕ್ಕನ್ನು (ಚೆಂಡಿನ ಬದಲಿಗೆ ಇರುವ ರಬ್ಬರ್ ಬಿಲ್ಲೆ) ಮುಂದಕ್ಕೆ ಎಸೆದು ಅಟ್ಟಿಸಿಕೊಂಡು ಹೋಗುವುದು ಇಲ್ಲಿನ ಆಟ. ಇವರು ದಾರಿ ಕಾಣದಿದ್ದರೆ ಹಿಂದಕ್ಕೆ ತಿರುಗಿ, ಮತ್ತೆ ಸುತ್ತಿ, ಐದೂ ಜನ ನೇಯ್ದ ಹಾಗೆ ಆಡುತ್ತಿದ್ದರು. ಪಕ್ಕು ಎದುರಾಳಿಗೆ ಸಿಗುವುದೇ ಕಷ್ಟ. ಅದನ್ನು ನೋಡಿದ್ದರೆ ನಿಮಗೆ ನಮ್ಮ ಹಳೆಯ ಹುಲ್ಲು ಮೈದಾನದ ಹಾಕಿ ನೆನಪಾಗುತ್ತಿತ್ತು.

ಮಡಿಕೇರಿ_ಮಂಜು

ಹಾಗಾದರೆ ಆಟ ಹುಡುಕಿ ನೋಡುತ್ತೇನೆ. ಲಂಚದ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಖಾನಾವಳಿ_ಲೆಕ್ಕ

ದಾವಣಗೆರೆಯಲ್ಲಿ ಸಣ್ಣ ಖಾನಾವಳಿ ನಡೆಸುತ್ತೇವೆ, ನಾನು ಮತ್ತು ನನ್ನ ಯಜಮಾನರು. ಹಾಕಿ ಬಿಡಿ, ನನಗೆ ಆ ಮರಿಯನ್ ಬಗ್ಗೆ ಹೇಳಿ. ಅಂಗಡಿ ಇಬ್ಬರೂ ತೆರೆದರು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅಣ್ಣ. ಒಲೆ ಮುಂದೆ ನಿಂತವರನ್ನು ಊರು ನೆನೆಯುತ್ತದೆ, ಗಲ್ಲಾ ಮುಂದೆ ಕೂತು ಹಿಟ್ಟಿಗೆಷ್ಟು, ಗ್ಯಾಸಿಗೆಷ್ಟು ಅಂತ ಬರೆದವರನ್ನು ಯಾರೂ ನೆನೆಯುವುದಿಲ್ಲ.

ನೋವೈ_ಕನ್ನಡಿಗ

ತಪ್ಪಾಯಿತು ತಂಗಿ, ಹೇಳಲೇಬೇಕಿತ್ತು. ಮರಿಯನ್ ಅವರ ಅಪ್ಪ ಅಮ್ಮನೂ ಮ್ಯಾಸಿಡೋನಿಯಾದಿಂದ ಬಂದವರು, ಊರು ಪಕ್ಕದ ಡಿಯರ್‌ಬಾರ್ನ್. ವಿಮಾನ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಮದುವೆ 1955ರಲ್ಲಿ. ಅಂಗಡಿ ತೆರೆದಾಗ ಅಡುಗೆ, ಹೊಸ ಹೊಸ ಉಪಾಯ ಮೈಕ್ ಅವರದು. ಗಲ್ಲಾ, ಲೆಕ್ಕಪುಸ್ತಕ ಮರಿಯನ್ ಅವರದು. ಹೆಸರೂ ಅವರದೇ. ಮೈಕ್ ‘ಪಿಜ್ಜಾ ಟ್ರೀಟ್’ ಅಂತ ಇಡೋಣ ಅಂದರು, ಮರಿಯನ್ ಗಂಡನನ್ನು ಪ್ರೀತಿಯಿಂದ ‘ಪುಟ್ಟ ಸೀಸರ್’ ಅನ್ನುತ್ತಿದ್ದರು, ಅದನ್ನೇ ಇಡೋಣ ಅಂದರು. ಕೊನೆಗೆ ಫಲಕದ ಮೇಲೆ ಎರಡೂ ಬಂದವು. ಏಳು ಮಕ್ಕಳು. ಮುಂದೆ ಮೋಟಾರ್‌ಸಿಟಿ ಕ್ಯಾಸಿನೊ ಕೂಡ ಮರಿಯನ್ ಅವರ ಹೆಸರಿನಲ್ಲೇ, ಏಕೆಂದರೆ ಬೇಸ್‌ಬಾಲ್ ತಂಡದ ಮಾಲೀಕ ಜೂಜಿನ ವ್ಯವಹಾರ ಇಟ್ಟುಕೊಳ್ಳುವಂತಿಲ್ಲ.

ಸ್ಟ್ಯಾನ್ಲಿ ಕಪ್ ಮೇಲೆ ಗೆದ್ದವರ ಹೆಸರು ಕೆತ್ತುತ್ತಾರೆ. ಮರಿಯನ್ ಹೆಸರೂ ಅಲ್ಲಿದೆ.

ವಿಂಡ್ಸರ್_ವಾಸಿ

ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಆ ಕಪ್ ಮೇಲೆ ಹೆಸರು ಕೆತ್ತಿಸಿಕೊಂಡ ಮೊದಲ ಹೆಂಗಸೂ ಇದೇ ಡೆಟ್ರಾಯ್ಟ್ ತಂಡದವರು. ಮಾರ್ಗರಿಟ್ ನಾರಿಸ್, 1954ರಲ್ಲಿ ತಂಡದ ಅಧ್ಯಕ್ಷೆ. ಅಪ್ಪ ಸತ್ತ ಮೇಲೆ ತಂಡವನ್ನು ನಡೆಸಿ 1954, 1955 ಎರಡು ಸಲವೂ ಗೆಲ್ಲಿಸಿದರು. ಆಮೇಲೆ ಮನೆಜಗಳ, ಅಧಿಕಾರ ಅಣ್ಣ ಬ್ರೂಸ್ ನಾರಿಸ್ ಕೈಗೆ ಹೋಯಿತು. ಆತ 27 ವರ್ಷ ನಡೆಸಿ, ಪಾತಾಳಕ್ಕೆ ಇಳಿಸಿ, ಇಲಿಚ್‌ಗೆ ಮಾರಿದ. ತಂಗಿಯೇ ನಡೆಸಿದ್ದರೆ ಡೆಡ್ ವಿಂಗ್ಸ್ ಅನ್ನುವ ಹೆಸರೇ ಬರುತ್ತಿರಲಿಲ್ಲವೇನೋ.

ಖಾನಾವಳಿ_ಲೆಕ್ಕ

ಇದನ್ನು ನನ್ನ ಮಗಳಿಗೆ ಓದಿ ಹೇಳಿದೆ. ಥ್ಯಾಂಕ್ಸ್ ಅಣ್ಣ.

ನಗರ_ಓದು

ಇಷ್ಟು ಹೊತ್ತು ಓದುತ್ತಾ ಇದ್ದೆ. ನಾನು ಮಿಶಿಗನ್‌ನಲ್ಲಿ ನಗರ ಯೋಜನೆ ಓದಿದವಳು. ಇಲಿಚ್ ಊರನ್ನು ಸುಲಿದರು ಅಂದ ಎರಡನೆಯವರ ಪಕ್ಷ ವಹಿಸುವವಳು ನಾನೇ ಅಂತ ಇಟ್ಟುಕೊಳ್ಳಿ. ನೋವೈ ಸರ್, ನಿಮ್ಮ ಬರಹ 2008ಕ್ಕೆ ನಿಂತುಬಿಟ್ಟಿತು. ನನ್ನದು ಅಲ್ಲಿಂದ ಶುರು.

2013ರ ಜುಲೈ 18ರಂದು ಡೆಟ್ರಾಯ್ಟ್ ನಗರ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್. 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ಇದ್ದ ಊರು 2010ರ ಗಣತಿಗೆ 7,13,777ಕ್ಕೆ ಇಳಿದಿತ್ತು. ದೀಪ ಉರಿಯದ ಬೀದಿಗಳು. ಪೊಲೀಸ್, ಅಗ್ನಿಶಾಮಕ ದಳ ಬಿಟ್ಟು ನಗರದ ಉಳಿದ ನಿವೃತ್ತ ನೌಕರರ ಪಿಂಚಣಿ ಶೇಕಡ 4.5 ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕ ಹೆಚ್ಚಳವೂ ಹೋಯಿತು. ಅರ್ಜಿ ಹಾಕಿದ ಅದೇ ತಿಂಗಳು, ಒಂದು ವಾರದೊಳಗೆ, ರೆಡ್ ವಿಂಗ್ಸ್‌ಗೆ ಹೊಸ ಅರೀನಾ ಕಟ್ಟಲು ಸಾರ್ವಜನಿಕ ಹಣಕ್ಕೆ ರಾಜ್ಯದ ಒಪ್ಪಿಗೆ ಸಿಕ್ಕಿತು.

ಲಿಟಲ್ ಸೀಸರ್ಸ್ ಅರೀನಾದ ಒಟ್ಟು ವೆಚ್ಚ ಸುಮಾರು 86 ಕೋಟಿ 30 ಲಕ್ಷ ಡಾಲರ್. ಅದರಲ್ಲಿ ಸಾರ್ವಜನಿಕ ಪಾಲು ಸುಮಾರು 32 ಕೋಟಿ 40 ಲಕ್ಷ. ಹಣ ಬಂದ ದಾರಿ ಹೇಗೆ ಅಂದರೆ, ಪೇಟೆಯ ಅಭಿವೃದ್ಧಿ ಪ್ರಾಧಿಕಾರ ಆ ಪ್ರದೇಶದ ಆಸ್ತಿ ತೆರಿಗೆಯಲ್ಲಿ ಏರಿಕೆಯಾದ ಭಾಗವನ್ನು ತಾನು ಹಿಡಿದುಕೊಂಡು ಬಾಂಡ್ ತೀರಿಸುತ್ತದೆ. ಹಾಗೆ ಹಿಡಿದುಕೊಂಡದ್ದರಲ್ಲಿ ಶಾಲಾ ತೆರಿಗೆಯೂ ಸೇರಿದೆ. ಶಾಲೆಗಳಿಗೆ ಆದ ಕೊರತೆಯನ್ನು ರಾಜ್ಯ ತುಂಬಿಕೊಡುತ್ತದೆ ಅನ್ನುತ್ತಾರೆ, ಆದರೆ ಅದೂ ರಾಜ್ಯದ ಎಲ್ಲ ಮಕ್ಕಳ ಶಿಕ್ಷಣದ ನಿಧಿಯಿಂದ. ಹಳೆಯ ಜೋ ಲೂಯಿಸ್‌ನಲ್ಲಿ ಟಿಕೆಟ್ ಆದಾಯದಲ್ಲಿ ನಗರಕ್ಕೆ ಪಾಲಿತ್ತು. ಹೊಸದರಲ್ಲಿ ಆದಾಯವೆಲ್ಲ ಇಲಿಚ್ ಸಂಸ್ಥೆಗೆ. ಅರೀನಾಕ್ಕೆ ಹೆಸರಿಡುವ ಹಕ್ಕಿನ 12.5 ಕೋಟಿಯಲ್ಲೂ ನಗರಕ್ಕೆ ಪಾಲಿಲ್ಲ, ಅದು ಕುಟುಂಬದ ಒಂದು ಕಂಪನಿಯಿಂದ ಇನ್ನೊಂದಕ್ಕೆ.

ಇಷ್ಟಕ್ಕೆ ಪ್ರತಿಯಾಗಿ ಕೊಟ್ಟ ಮಾತು ಏನು? 2014ರಲ್ಲಿ ದೊಡ್ಡ ನಕಾಶೆ ತೋರಿಸಿದರು: ಅರೀನಾ ಸುತ್ತ ಐದು ಬಡಾವಣೆ, ಮನೆಗಳು, ಅಂಗಡಿಗಳು, ಮರಗಳು. ಅರೀನಾ 2017ರಲ್ಲಿ ಸರಿಯಾದ ಸಮಯಕ್ಕೆ ತೆರೆಯಿತು. ಬಡಾವಣೆ ಬರಬೇಕಿದ್ದ ಜಾಗದಲ್ಲಿ ಬಂದದ್ದು ಪಾರ್ಕಿಂಗ್. ನಾನು ಓದುವಾಗ ಆ ಬೀದಿಗಳನ್ನು ನಡೆದು ಎಣಿಸಿದ್ದೇನೆ. ಪಂದ್ಯದ ದಿನ ಬಿಟ್ಟರೆ ಬರೀ ಡಾಂಬರು.

ನೋವೈ_ಕನ್ನಡಿಗ

ಅಂಕಿ ಅಂಶಕ್ಕೆ ನನ್ನ ಬಳಿ ಉತ್ತರವಿಲ್ಲ, ಪಾರ್ಕಿಂಗ್ ನನ್ನ ಕಣ್ಣಿಗೂ ಬಿದ್ದಿದೆ. ಆದರೆ 2013ರಿಂದ ಶುರು ಮಾಡಿದರೆ ನನಗೆ ಒಪ್ಪಿಗೆಯಿಲ್ಲ. 1987ರಿಂದ ಶುರು ಮಾಡಿ.

ಆ ವರ್ಷ ಇಲಿಚ್ ದಂಪತಿ ಫಾಕ್ಸ್ ಥಿಯೇಟರ್ ಕೊಂಡರು. 1928ರಲ್ಲಿ ಕಟ್ಟಿದ, ಸುಮಾರು 5,000 ಜನ ಕೂರುವ ಅರಮನೆಯಂಥ ರಂಗಮಂದಿರ. ಆಗ ಸೋರುತ್ತಿತ್ತು, ಸುತ್ತಲಿನ ಕಟ್ಟಡಗಳ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಹಳೆಯ ಬಣ್ಣ, ಹಳೆಯ ಕೆತ್ತನೆಯನ್ನೇ ತಿರುಗಿ ತಂದು 1988ರಲ್ಲಿ ಬಾಗಿಲು ತೆರೆದರು. ಮರುವರ್ಷ ಅದರ ಮೇಲಿನ ಕಚೇರಿ ಮಹಡಿಗಳಿಗೆ ಲಿಟಲ್ ಸೀಸರ್ಸ್ ಮುಖ್ಯ ಕಚೇರಿಯನ್ನೇ ತಂದರು. ಬೇರೆ ಕಂಪನಿಗಳು ಹೊರವಲಯದ ಟ್ರಾಯ್, ಸೌತ್‌ಫೀಲ್ಡ್ ಕಡೆ ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ನಾನು 1996ರಲ್ಲಿ ಬಂದಾಗ ಸಂಜೆ ಐದಾದ ಮೇಲೆ ಪೇಟೆಗೆ ಹೋಗಬೇಡ ಅಂತ ನನಗೆ ಎಲ್ಲರೂ ಹೇಳಿದ್ದರು. ಎದೆಗಟ್ಟಿ ಮಾಡಿ ಹೆಂಡತಿಯನ್ನು ಮೊದಲು ಕರೆದುಕೊಂಡು ಹೋದದ್ದೇ ಫಾಕ್ಸ್‌ಗೆ. ಆ ಚಾವಣಿ ನೋಡಿ ಅವಳು ‘ನಮ್ಮ ಅರಮನೆಯ ದರ್ಬಾರ್ ಹಾಲ್ ಥರ ಇದೆ’ ಅಂದಳು. ಅವತ್ತಿನಿಂದ ನಮಗೆ ಈ ಊರಿನ ಭಯ ಹೋಯಿತು. ಅದಕ್ಕೆ ಬೆಲೆ ಕಟ್ಟುವುದು ಹೇಗೆ?

ನಗರ_ಓದು

ಸರ್, ಫಾಕ್ಸ್ ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಆ ಕಾಲದಲ್ಲಿ ಅಂಥ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ನನ್ನ ತಕರಾರು ಬೇರೆ. ಮುಂದಿನ 25 ವರ್ಷ ಅದೇ ಸುತ್ತಮುತ್ತ ಅಗ್ಗದಲ್ಲಿ ಜಾಗ ಕೊಂಡು, ಏನೂ ಕಟ್ಟದೆ ಇಟ್ಟುಕೊಂಡದ್ದು. ಒಂದು ಕಟ್ಟಡ ಉಳಿಸಿದವರು ಅಂತ ಉಳಿದ ಅಷ್ಟೂ ನಿವೇಶನಗಳ ಲೆಕ್ಕ ಕೇಳಬಾರದೇ? ಊರಿನವರ ಕೃತಜ್ಞತೆಯೇ ಅವರಿಗೆ ಬಂಡವಾಳವಾಯಿತು ಅನ್ನುವುದು ನನ್ನ ನೋವು. ಕಪ್ ಗೆದ್ದುಕೊಟ್ಟವರನ್ನು ಪ್ರಶ್ನಿಸಲು ಯಾವ ನಗರಸಭಾ ಸದಸ್ಯರಿಗೆ ಬಾಯಿ ಬರುತ್ತದೆ?

ಧಾರವಾಡದಾಂವ

ಈಗ ನನಗ ತಿಳೀತು ನೋಡ್ರಿ ಜಗಳ ಏನಂತ. ತಂಗಿ, ಖರೇ ಮಾತಾಡ್ಯಾಳ. ಗುಡಿ ಕಟ್ಟಿಸಿದ ಸಾಹುಕಾರ ಕೆರಿ ಒತ್ತುವರಿ ಮಾಡಿದ್ರ ನಮ್ಮೂರಾಗೂ ಯಾರೂ ಕೇಳಂಗಿಲ್ಲ. ಆದ್ರ ಒಂದ್ ಮಾತು, ಗುಡಿ ಕಟ್ಟಿದ್ದು ಸುಳ್ಳಾಗಂಗಿಲ್ಲಲ್ರಿ.

ಬಸವನಗುಡಿ_ಹುಡುಗ

ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ರೋಸಾ ಪಾರ್ಕ್ಸ್ ಅವರ ಮನೆ ಬಾಡಿಗೆಯನ್ನು ಇಲಿಚ್ ಕೊಡುತ್ತಿದ್ದರು ಅಂತ ಎಲ್ಲೋ ಓದಿದ ನೆನಪು. ಅದು ನಿಜವೇ?

ನೋವೈ_ಕನ್ನಡಿಗ

ನಿಜ. ರೋಸಾ ಪಾರ್ಕ್ಸ್ ಮಾಂಟ್ಗೊಮರಿ ಬಸ್ಸಿನ ಹೋರಾಟದ ಬಳಿಕ ಡೆಟ್ರಾಯ್ಟ್‌ಗೆ ಬಂದು ನೆಲೆಸಿದ್ದರು. 1994ರ ಆಗಸ್ಟ್‌ನಲ್ಲಿ ಕಳ್ಳನೊಬ್ಬ ಮನೆಗೆ ನುಗ್ಗಿ ಅವರನ್ನು ಹೊಡೆದ. ಆಗ ಅವರಿಗೆ 81. ಸುರಕ್ಷಿತ ಮನೆ ಹುಡುಕಲು ಓಡಾಡಿದವರು ನ್ಯಾಯಾಧೀಶ ಡೇಮನ್ ಕೀತ್. ಸುದ್ದಿ ತಿಳಿದು ಇಲಿಚ್ ತಾವಾಗಿ ಮುಂದೆ ಬಂದು ಬಾಡಿಗೆ ಕೊಡುತ್ತೇನೆ ಅಂದರು. ಎಲ್ಲೂ ಹೇಳಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಬಿಟ್ಟು ಕೀತ್ ಅವರೇ ಹೇಳಿದ ಮೇಲೆ ಹೊರಬಂತು. 2017ರ ಫೆಬ್ರವರಿ 10ರಂದು ಇಲಿಚ್ ತೀರಿಕೊಂಡಾಗ ಲೋಕಕ್ಕೆಲ್ಲ ತಿಳಿಯಿತು.

ನಗರ_ಓದು

ಅದು ದೊಡ್ಡ ಗುಣ, ಮನಸಾರೆ ಒಪ್ಪುತ್ತೇನೆ. ಆದರೆ ಕೊನೆತನಕ ಅವರೊಬ್ಬರೇ ಹೊತ್ತರು ಅಂತ ಎಲ್ಲೆಡೆ ಹಂಚುತ್ತಾರಲ್ಲ, ಅದು ಪೂರ್ತಿ ಕತೆಯಲ್ಲ. 2002ರಲ್ಲಿ ಬಾಡಿಗೆ ಬಾಕಿ ಅಂತ ರೋಸಾ ಪಾರ್ಕ್ಸ್ ಅವರಿಗೆ ಮನೆ ಖಾಲಿ ಮಾಡುವ ನೋಟಿಸ್ ಬಂದಿತ್ತು. ಆಗ ಕೈಹಿಡಿದದ್ದು ಊರಿನ ಹಾರ್ಟ್‌ಫರ್ಡ್ ಮೆಮೋರಿಯಲ್ ಬ್ಯಾಪ್ಟಿಸ್ಟ್ ಚರ್ಚ್, ಅಂದರೆ ಸಾಮಾನ್ಯ ಜನರ ಕಾಣಿಕೆಯ ದುಡ್ಡು. ಅವರ ಹೆಸರೂ ಈ ಕತೆಯಲ್ಲಿ ಇರಲಿ.

ನೋವೈ_ಕನ್ನಡಿಗ

ಇದು ನನಗೆ ಹೊಸದು. ಇರಲಿ, ಖಂಡಿತ ಇರಲಿ.

ವಿಂಡ್ಸರ್_ವಾಸಿ

ದುಡ್ಡಿನ ಮಾತು ಬಂದದ್ದರಿಂದ 1998ರ ಫೆಬ್ರವರಿಯ ಪ್ರಕರಣ ಹೇಳದೆ ಇರಲಾರೆ. ಫೆಡೊರೊವ್ ಒಪ್ಪಂದಕ್ಕೆ ಸಹಿ ಹಾಕದೆ ಅರ್ಧ ಋತು ಹೊರಗೆ ಕೂತಿದ್ದ. ಕ್ಯಾರೊಲೈನಾ ಹರಿಕೇನ್ಸ್ ತಂಡ ಆರು ವರ್ಷಕ್ಕೆ 3.8 ಕೋಟಿ ಡಾಲರ್ ಕೊಡುತ್ತೇವೆ ಅಂತು. ಆ ತಂಡದ ಮಾಲೀಕರು ಪೀಟರ್ ಕಾರ್ಮಾನೋಸ್, ಕಂಪ್ಯೂವೇರ್ ಸಾಫ್ಟ್‌ವೇರ್ ಕಂಪನಿಯವರು. ಅವರೂ ಡೆಟ್ರಾಯ್ಟ್‌ನವರೇ! ಎಳೆಯರ ಹಾಕಿಯಲ್ಲಿ ಲಿಟಲ್ ಸೀಸರ್ಸ್ ತಂಡಕ್ಕೂ ಕಂಪ್ಯೂವೇರ್ ತಂಡಕ್ಕೂ ಹಳೆಯ ಹಗೆ.

ಆ ಒಪ್ಪಂದದಲ್ಲಿ ಒಂದು ಕೀಲಿತ್ತು. ಸಹಿಗೆ 1.4 ಕೋಟಿ, ಅದರ ಮೇಲೆ ತಂಡ ಆ ವರ್ಷ ಕಾನ್ಫರೆನ್ಸ್ ಫೈನಲ್ (ಅಂದರೆ ಸೆಮಿಫೈನಲ್) ತಲುಪಿದರೆ ಇನ್ನೂ 1.2 ಕೋಟಿ ಒಮ್ಮೆಗೇ. ಕ್ಯಾರೊಲೈನಾ ಅಲ್ಲಿಗೆ ಹೋಗುವ ಸಂಭವ ಇರಲಿಲ್ಲ, ಡೆಟ್ರಾಯ್ಟ್ ಹೋಗುವುದು ಬಹುತೇಕ ಖಚಿತ. ಅಂದರೆ ಇಲಿಚ್ ಅದೇ ಕರಾರಿಗೆ ಒಪ್ಪಿ ಆಟಗಾರನನ್ನು ಉಳಿಸಿಕೊಂಡರೆ ಅವರ ಕೈಯಿಂದಲೇ ಹಣ ಹೋಗುವ ಹಾಗೆ ಬರೆದ ಕರಾರು. ಇಲಿಚ್ ಅಷ್ಟಕ್ಕೂ ಒಪ್ಪಿ ಉಳಿಸಿಕೊಂಡರು. ಆ ವರ್ಷದ ಸಂಬಳವೂ ಸೇರಿ ಕೆಲವೇ ತಿಂಗಳಲ್ಲಿ 2.8 ಕೋಟಿ ಕೊಟ್ಟರು, ಕಪ್ ಮತ್ತೆ ಬಂತು. ನಗರ_ಓದು ಅವರೇ, ಇದು ಅವರ ಸ್ವಂತ ಹಣ. ಬೇಸ್‌ಬಾಲ್‌ನಲ್ಲೂ ಹಾಗೆಯೇ, 2012ರಲ್ಲಿ ಪ್ರಿನ್ಸ್ ಫೀಲ್ಡರ್‌ಗೆ ಒಂಬತ್ತು ವರ್ಷಕ್ಕೆ 21.4 ಕೋಟಿ. ಬೇಸ್‌ಬಾಲಿನ ಫೈನಲ್ ಆದ ವಿಶ್ವ ಸರಣಿಗೆ 2006ರಲ್ಲೂ 2012ರಲ್ಲೂ ಹೋದರು, ಎರಡೂ ಸಲ ಸೋತರು. ಅವರಿಗೆ ಬಹಳ ಬೇಕಿದ್ದ ಆ ಒಂದು ಪ್ರಶಸ್ತಿ ಕೊನೆತನಕ ಸಿಗಲಿಲ್ಲ.

ನಗರ_ಓದು

ಅದೇ ನನ್ನನ್ನು ಕಾಡುವುದು. ಆಟಗಾರನಿಗೆ ಕೈಬಿಚ್ಚಿ ಕೊಟ್ಟ ಅದೇ ಮನೆತನ, ಕ್ರೀಡಾಂಗಣಕ್ಕೆ ದಿವಾಳಿ ನಗರದ ಮುಂದೆ ಕೈಯೊಡ್ಡಿತು. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಪ್ರೀತಿ ಇತ್ತು, ನಿಜ. ಆ ಪ್ರೀತಿ ತಂಡದ ಮೇಲೆ ಇದ್ದಷ್ಟು ತಂಡದ ಸುತ್ತಲಿನ ಬೀದಿಗಳ ಮೇಲೆ ಇದ್ದಿದ್ದರೆ ಅನ್ನುತ್ತಿದ್ದೇನೆ.

ಮಡಿಕೇರಿ_ಮಂಜು

ಪಂದ್ಯದ ವಿಡಿಯೊ ನೋಡಿದೆ. ವಿಂಡ್ಸರ್ ಅಣ್ಣ ಹೇಳಿದ್ದು ಸರಿ, ಆ ಐವರ ಆಟ ಕಣ್ಣಿಗೆ ಹಬ್ಬ. ಆದರೆ ಕಾನ್‌ಸ್ಟಾಂಟಿನೊವ್ 1997ರ ಬಳಿಕ ಆಡಿದ್ದೇ ಕಾಣುವುದಿಲ್ಲ. ಏನಾಯಿತು?

ವಿಂಡ್ಸರ್_ವಾಸಿ

ಅಕ್ಕ, ಕಪ್ ಗೆದ್ದ ಆರನೆಯ ದಿನ, 1997ರ ಜೂನ್ 13. ಆಟಗಾರರು ಒಂದು ಕೂಟ ಮುಗಿಸಿ ಬಾಡಿಗೆ ಲಿಮೋಸಿನ್‌ನಲ್ಲಿ ಹಿಂದಿರುಗುತ್ತಿದ್ದರು. ತಾವೇ ಓಡಿಸಬಾರದು ಅಂತಲೇ ಚಾಲಕನನ್ನು ಇಟ್ಟುಕೊಂಡಿದ್ದರು. ಆ ಚಾಲಕನ ಲೈಸೆನ್ಸ್ ಅಮಾನತಿನಲ್ಲಿತ್ತು. ವುಡ್‌ವರ್ಡ್ ರಸ್ತೆಯಲ್ಲೇ ಕಾರು ಮರಕ್ಕೆ ಹೊಡೆಯಿತು. ಕಾನ್‌ಸ್ಟಾಂಟಿನೊವ್ ಮತ್ತು ತಂಡದ ಮಸಾಜು ಮಾಡುವ ಸೆರ್ಗೆ ಮ್ನಾತ್ಸಕಾನೊವ್ ಇಬ್ಬರಿಗೂ ಮೆದುಳಿಗೆ ಪೆಟ್ಟು. ಫೆಟಿಸೊವ್ ಉಳಿದುಕೊಂಡ. 30 ವರ್ಷದ ಕಾನ್‌ಸ್ಟಾಂಟಿನೊವ್ ಮತ್ತೆ ಆಡಲಿಲ್ಲ.

ಮರುವರ್ಷ ವಾಷಿಂಗ್ಟನ್‌ನಲ್ಲಿ ಕಪ್ ಗೆದ್ದಾಗ ಅವನನ್ನು ಗಾಲಿಕುರ್ಚಿಯಲ್ಲಿ ಮಂಜುಗಡ್ಡೆಯ ಮೇಲೆ ತಂದರು. ಐಜರ್‌ಮನ್ ಕಪ್ಪನ್ನು ಮೊದಲು ಅವನ ಮಡಿಲಲ್ಲಿಟ್ಟ. ಆಡದಿದ್ದರೂ ಆ ವರ್ಷದ ಕಪ್ ಮೇಲೆ ಅವನ ಹೆಸರಿದೆ.

ಮಡಿಕೇರಿ_ಮಂಜು

ಸುಳ್ಳು ಕಾಯಿಲೆ ಬರೆಸಿಕೊಂಡು ಬಂದವನಿಗೆ ಹೀಗಾಯಿತೇ. ಓದಿ ಕಣ್ಣು ತುಂಬಿತು. ಈಗ ಅವನನ್ನು ನೋಡಿಕೊಳ್ಳುವವರು ಯಾರು?

ನಗರ_ಓದು

ಮಿಶಿಗನ್‌ನಲ್ಲಿ ಹಳೆಯ ಕಾನೂನಿನ ಪ್ರಕಾರ ವಾಹನ ಅಪಘಾತದಲ್ಲಿ ಗಾಯಗೊಂಡವರಿಗೆ ಜೀವನಪೂರ್ತಿ ಆರೈಕೆಯ ವೆಚ್ಚ ವಿಮೆಯಿಂದ ಬರುತ್ತಿತ್ತು. 24 ಗಂಟೆಯ ಆರೈಕೆ ಅವನಿಗೆ ಸಿಕ್ಕಿದ್ದು ಅದರಿಂದ. 2019ರಲ್ಲಿ ಕಾನೂನು ಬದಲಾಯಿತು, ಆರೈಕೆ ಸಂಸ್ಥೆಗಳಿಗೆ ಕೊಡುವ ದರ ಕತ್ತರಿಸಿದರು. ಇವನಂಥ ಸಾವಿರಾರು ಜನರ ಆರೈಕೆ ನಿಂತುಹೋಗುವ ಸ್ಥಿತಿ ಬಂದಾಗ ಕಾನ್‌ಸ್ಟಾಂಟಿನೊವ್ ಹೆಸರೇ ಆ ಎಲ್ಲರ ದನಿಯಾಯಿತು. ಹೆಸರಿಲ್ಲದ ಉಳಿದವರ ಕಡೆಗೂ ಜನರ ಗಮನ ಹರಿದದ್ದು ಅವನಿಂದ.

ನೋವೈ_ಕನ್ನಡಿಗ

ಆ ಗಾಲಿಕುರ್ಚಿಯ ರಾತ್ರಿ ನಾನು ಟಿವಿಯಲ್ಲಿ ನೋಡಿದ್ದೆ. ಆಗ ಮಗಳು ಮೂರು ತಿಂಗಳ ಕೂಸು, ತೊಡೆಯ ಮೇಲೆ ಮಲಗಿದ್ದಳು. ಕಿರುಚಿದರೆ ಏಳುತ್ತಾಳೆ ಅಂತ ಬಾಯಿ ಮುಚ್ಚಿಕೊಂಡು ಅತ್ತಿದ್ದೆ.

ನಗರ_ಓದು ಅವರೇ, ಇನ್ನೂ ಮಿಶಿಗನ್‌ನಲ್ಲೇ ಇದ್ದೀರಾ? ಇದ್ದರೆ ಒಂದು ಶನಿವಾರ ವುಡ್‌ವರ್ಡ್‌ನಲ್ಲಿ ನಡೆಯೋಣ. ಫಾಕ್ಸ್ ಒಳಗೆ ನಾನು ಕರೆದುಕೊಂಡು ಹೋಗುತ್ತೇನೆ. ಆ ಪಾರ್ಕಿಂಗ್ ಜಾಗಗಳಲ್ಲಿ ಯಾವ ಯಾವ ಮನೆಗಳು ಬರಬೇಕಿತ್ತು ಅಂತ ನಕಾಶೆ ಹಿಡಿದು ನೀವು ತೋರಿಸಿ.

ನಗರ_ಓದು

ಆನ್ ಆರ್ಬರ್‌ನಲ್ಲಿದ್ದೇನೆ ಸರ್. ಬರುತ್ತೇನೆ. 2014ರ ನಕಾಶೆ ಇನ್ನೂ ನನ್ನ ಹತ್ತಿರ ಇದೆ, ತರುತ್ತೇನೆ.

ವಿಂಡ್ಸರ್_ವಾಸಿ

ಸುರಂಗ ದಾಟಿದರೆ ನಾನೂ ಅಲ್ಲೇ. ದಿನ ಹೇಳಿ.